ಎದ್ದು ಹೋಗಲು ಬಿಡದ ಆಟ

ಪದವಿ ಪಡೆದು ಕೆಲಸ ಸಿಗದವನು ಪಾಠ ಹೇಳಲು ಕುಳಿತರೆ ಇಂಥವು ನಡೆಯುತ್ತಲೇ ಇರುತ್ತವೆ. ಕಲಿಸುತ್ತಿರುವವನು ತಾನೆಂದು ನಂಬಿರುವವನು ಅವನೊಬ್ಬನೇ. ಎಂಜಿನಿಯರಿಂಗ್ ಮುಗಿಸಿ, ಹಲವು ಕಂಪನಿಗಳಿಂದ ಒಂದೇ ವಾಕ್ಯದ ತಿರಸ್ಕಾರಪತ್ರ ಪಡೆದು, ನಾನೀಗ ಹುಣಸೂರಿನ ಒಂದು ತರಬೇತಿ ಕೇಂದ್ರದಲ್ಲಿ ಜಾವಾ ಕಲಿಸುತ್ತಿದ್ದೇನೆ.

೧. ಸೇರ್ಪಡೆ

ಹನಗೋಡಿನ ಕಡೆಯಿಂದ ಕಲಿಯಲು ಬಂದ, ಕೇಂದ್ರದಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದ ಹೆಂಗಸಿಗೆ ನಲವತ್ತು ದಾಟಿತ್ತು. ಮನೆಯಲ್ಲಿ ಹೊಗೆಸೊಪ್ಪಿನ ಬೇಸಾಯ. ಹದಗೊಂಡ ಎಲೆಯನ್ನು ಬಣ್ಣ ನೋಡಿ ಗ್ರೇಡ್ ಮಾಡಿ, ಬೇಲು ಎಂಬ ಮೂಟೆಗಳಾಗಿ ಕಟ್ಟುವುದು ಅವರ ಕೆಲಸ. ಅದರ ನಡುವೆ ದೂರಶಿಕ್ಷಣದಲ್ಲಿ ಕಂಪ್ಯೂಟರ್ ಪದವಿ. ಬಾಕಿ ಉಳಿದದ್ದು ಪ್ರಾಜೆಕ್ಟ್ ಮಾತ್ರ. ಹಿಂದಿನ ವರ್ಷದ ಪರೀಕ್ಷಕರು ಪ್ರೋಗ್ರಾಂ ತೆರೆದುಕೊಳ್ಳುವ ಮೊದಲೇ ಎದ್ದು ಹೋಗಿ ನಪಾಸು ಮಾಡಿದ್ದರು. ಇದು ಕೊನೆಯ ಅವಕಾಶ.

ಪದ ಹೊಂದಿಸುವ ಆಟ ಮಾಡುತ್ತೇನೆ ಎಂದರು. ಅದೇ ಏಕೆ ಎಂದು ಕೇಳಿದೆ.

“ಬೇರೆ ಏನ್ ಮಾಡಿದ್ರೂ ತಿರುವಾಕ್ಬುಟ್ಟು ಎದ್ದೋಯ್ತಾರೆ ಸಾ. ಆಟ ಆದ್ರೆ ಕೂತ್ಕತಾರೆ.”

ಬಳಕೆದಾರರ ಮನಸ್ಸನ್ನು ಅರಿಯುವ ಬಗೆಗೆ ನಾನು ಒಂದು ಇಡೀ ಸೆಮಿಸ್ಟರ್ ಓದಿದ್ದೆ. ಅವರಿಗೆ ಒಂದು ನಪಾಸು ಸಾಕಾಗಿತ್ತು.

೨. ಬೇಲು

ಪರದೆಯ ಮೇಲೆ ಕವುಚಿಟ್ಟ ಚೌಕಗಳು. ಒಂದೇ ಪದವಿರುವ ಎರಡನ್ನು ತೆರೆದರೆ ಅವು ಮಾಯವಾಗಬೇಕು. ಆಗಲಿಲ್ಲ. ‘ರಾಗಿ’, ‘ರಾಗಿ’ ಎಂದು ಎರಡೂ ಕಣ್ಣೆದುರಿಗಿದ್ದರೂ ಯಂತ್ರ ಬೇರೆ ಬೇರೆ ಎಂದಿತು. ಅಕ್ಕ ಎರಡು ಸಮಚಿಹ್ನೆ ಬರೆದಿದ್ದರು. ಜಾವಾದಲ್ಲಿ ಅಲ್ಲಿ ‘ಈಕ್ವಲ್ಸ್’ ಎಂದು ಬರೆಯಬೇಕು. ನಾನು ಬೋರ್ಡಿನ ಮೇಲೆ ಮೆಮೊರಿಯ ಚಿತ್ರ ಬರೆದೆ, ಬಾಣಗಳನ್ನು ಎಳೆದೆ, ಮುಕ್ಕಾಲು ಗಂಟೆ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ ಮುಗಿಸಿದರು.

“ಎರಡು ಬೇಲಲ್ಲೂ ಒಂದೇ ಥರದ ಸೊಪ್ಪೈತೆ ಅಂದ್ಕಳಿ. ನಾನ್ ಬರ್ದಿದ್ದು ‘ಒಂದೇ ಬೇಲಾ’ ಅಂತ ಕೇಳ್ತದೆ, ನಿಮ್ ಈಕ್ವಲ್ಸು ‘ಒಂದೇ ಗ್ರೇಡಾ’ ಅಂತ ಕೇಳ್ತದೆ. ಅಷ್ಟೇ ತಾನೆ ಸಾ?”

ಅಷ್ಟೇ. ಅಂದಿನಿಂದ ಪ್ರತಿ ತಂಡಕ್ಕೂ ನಾನು ಬೇಲಿನ ಉದಾಹರಣೆಯನ್ನೇ ಕೊಡುತ್ತೇನೆ. ನನ್ನದೇ ಎಂಬಂತೆ.

೩. ಮೂರು ಸಲ

ಆಟ ಮುಗಿಸುವ ಗುಂಡಿ ಒತ್ತಿದರೆ ಆಟ ಮುಗಿಯುತ್ತಿರಲಿಲ್ಲ. ‘ಇಷ್ಟು ಬೇಗ ಎದ್ದ್ರಾ?’ ಎಂದು ಕೇಳುತ್ತಿತ್ತು. ಮತ್ತೆ ಒತ್ತಿದರೆ, ‘ಇನ್ನೊಂದಾಟ ಆಡ್ಕಂಡೋಗಿ.’ ಮೂರನೆಯ ಸಲ, ‘ಊಟದ ಹೊತ್ತು, ಉಣ್ಕಂಡೋಗ್ಬೋದಿತ್ತು.’ ಅದಾದ ಮೇಲೆಯೇ ಬಿಡುಗಡೆ.

ಇದು ದೋಷ, ಪರೀಕ್ಷಕರು ಕೆರಳುತ್ತಾರೆ, ತೆಗೆಯಿರಿ ಎಂದೆ.

“ಮನೆಗ್ ಬಂದೋರ್ನ ಒಂದೇ ಮಾತ್ಗೆ ಕಳ್ಸ್‌ಬುಟ್ರೆ, ಯಾವಾಗ ಏಳ್ತಾರೋ ಅಂತ ಕಾಯ್ತಿದ್ರು ಅನ್ಕತಾರೆ ಸಾ.”

ನಾನು ಕಟುವಾಗಿಯೇ ವಾದಿಸಿದೆ. ಆಯಿತು, ನೋಡುತ್ತೇನೆ ಎಂದರು. ಸೊಪ್ಪಿನ ದರ ಒಪ್ಪಿಗೆಯಾಗದ ರೈತರು ಹರಾಜಿನಲ್ಲಿ ಹೇಳುವುದೂ ಇದನ್ನೇ ಎಂಬುದು ನನಗೆ ಆಗ ತಿಳಿದಿರಲಿಲ್ಲ.

೪. ಪರೀಕ್ಷೆ

ಪರೀಕ್ಷಕರು ಕೆ.ಆರ್. ನಗರದ ಕಡೆಯ ಹಿರಿಯರು. ಗಡಿಯಾರ ನೋಡುತ್ತಲೇ ಒಳಗೆ ಬಂದರು. ಮೊದಲಿನಿಬ್ಬರನ್ನು ಐದೈದು ನಿಮಿಷಕ್ಕೆ ಮುಗಿಸಿದರು. ಅಕ್ಕನ ಆಟದಲ್ಲಿ ಎರಡು ಚೌಕ ತೆರೆದು ನೋಡಿ, ಎದ್ದು ನಿಂತು, ಮುಗಿಸುವ ಗುಂಡಿ ಒತ್ತಿದರು.

‘ಇಷ್ಟು ಬೇಗ ಎದ್ದ್ರಾ?’

ತೆಗೆದಿರಲಿಲ್ಲ. ಹಿಂದೆ ಕುಳಿತಿದ್ದ ನಾನು ಅಕ್ಕನತ್ತ ನೋಡಿದೆ. ಅವರು ಸೂರಿನತ್ತ ನೋಡುತ್ತಿದ್ದರು. ಪರೀಕ್ಷಕರು ಪರದೆಯ ಮೇಲಿನ ಮಾತನ್ನು ಇನ್ನೊಮ್ಮೆ ಓದಿದರು. ಅನಂತರ, ಬೈಸಿಕೊಂಡ ಅತಿಥಿಯಂತೆ, ಕುಳಿತರು. ಆಟವನ್ನು ಪೂರ್ತಿ ಆಡಿದರು. ಮತ್ತೆ ಗುಂಡಿ ಒತ್ತಿದರು. ಮಾತು ಮೀರಲಾಗದೆ ಇನ್ನೊಂದಾಟ ಆಡಿದರು. ‘ಈಕ್ವಲ್ಸ್’ ಏಕೆ ಬರೆದಿರಿ ಎಂದು ಕೇಳಿ, ಬೇಲಿನ ಉತ್ತರ ಕೇಳಿಸಿಕೊಂಡು, ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ತೇರ್ಗಡೆ ಎಂದು ನಮೂದಿಸಿ ಸಹಿ ಹಾಕಿದರು.

ಮೂರನೆಯ ಸಲ ಗುಂಡಿ ಒತ್ತಿದಾಗ ಊಟದ ಮಾತು ಬಂತು. ಅವರು ಚೀಲವನ್ನು ಹೆಗಲಿಗೇರಿಸಿ, ಅಕ್ಕನನ್ನೂ ನೋಡದೆ, ನನ್ನನ್ನೂ ನೋಡದೆ, ಪರದೆಯತ್ತ ಕೊಂಚ ಬಾಗಿ ಯಂತ್ರಕ್ಕೇ ಹೇಳಿದರು:

“ಇಲ್ಲ ಕಣವ್ವ, ಬಸ್ಸಿಗೊತ್ತಾಯ್ತು. ಇನ್ನೊಂದಿನ ಬತ್ತೀನಿ, ಉಣ್ಕಂಡೇ ಹೋಯ್ತೀನಿ.”