ಮಾಳಿಗೆ ಏರಿದ ಕೊರಿಯಾ

ಸಂಸಾರ ಸುಖವಾಗಿರಬೇಕಾದರೆ ಹೆಂಡತಿಯ ತವರನ್ನು ಹೊಗಳಬೇಕು, ಪಲ್ಯಕ್ಕೆ ಉಪ್ಪು ಕಡಿಮೆಯಾದರೆ ಸುಮ್ಮನೆ ಉಣ್ಣಬೇಕು ಎಂದು ಹಿರಿಯರು ಹೇಳಿದ್ದಾರೆ. ಟಿವಿಯಲ್ಲಿ ಕೊರಿಯಾದ ಪ್ರೇಮಕಥೆ ನಡೆದಿರುವಾಗ ವಿಜ್ಞಾನ ಮಾತಾಡಬಾರದು ಎಂದು ಮಾತ್ರ ಯಾರೂ ಹೇಳಿಲ್ಲ. ಹಿರಿಯರದೇನೂ ತಪ್ಪಿಲ್ಲ ಬಿಡಿ. ಅವರ ಕಾಲದಲ್ಲಿ ಆಳಂದಕ್ಕೆ ಸೊಲ್ಲಾಪುರದ ಬಸ್ಸು ಬರುತ್ತಿತ್ತು, ಕೊರಿಯಾ ಬರುತ್ತಿರಲಿಲ್ಲ. ನಮ್ಮ ಮನೆಗೆ ಅದನ್ನು ತಂದವಳು ಕಲಬುರಗಿಯಲ್ಲಿ ನರ್ಸಿಂಗ್ ಓದುವ ಮಗಳು. ರಜೆಗೆ ಬಂದವಳು ಟಿವಿಗೆ ಏನೋ ಜೋಡಿಸಿ, ತನ್ನ ಅವ್ವನಿಗೆ ರಿಮೋಟ್ ಹಿಡಿಯುವುದನ್ನು ಕಲಿಸಿ, ಬೆಂಕಿ ಹಚ್ಚಿದವರು ಹೋಗುವ ಹಾಗೆ ತಣ್ಣಗೆ ಬಸ್ಸು ಹತ್ತಿ ಹೋದಳು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಜೇವರ್ಗಿಯಲ್ಲಿ, ಅಫಜಲಪುರದಲ್ಲಿ, ಈಗ ನನ್ನೂರು ಆಳಂದದಲ್ಲಿ, ವರ್ಗವಾದಲ್ಲೆಲ್ಲ ಗುರುತ್ವಾಕರ್ಷಣೆಯನ್ನು ಕಲಿಸಿದ್ದೇನೆ. ಹುಡುಗರಿಗೆ ಅರ್ಥವಾಗಿದೆಯೋ ಇಲ್ಲವೋ, ಮೇಲೆಸೆದ ಕಲ್ಲು ಕೆಳಗೆ ಬರುತ್ತದೆ ಎಂಬುದನ್ನು ಮಾತ್ರ ಶಾಲೆಯ ಕಿಟಕಿಯ ಗಾಜುಗಳ ಮೇಲೆ ಚೆನ್ನಾಗಿ ಪ್ರಯೋಗ ಮಾಡಿ ತೋರಿಸಿದ್ದಾರೆ. ಇಂಥ ನನ್ನ ಕಣ್ಣೆದುರಿಗೆ, ಒಂದು ಭಾನುವಾರ ಮಧ್ಯಾಹ್ನ, ಜೋಳದ ರೊಟ್ಟಿ ಉಂಡು ಒರಗಿದ್ದ ಹೊತ್ತಿನಲ್ಲಿ, ಕೊರಿಯಾದ ಹುಡುಗಿಯೊಬ್ಬಳು ಗಾಳಿಯಲ್ಲಿ ತೇಲತೊಡಗಿದಳು.

ಕಥೆ ಹೀಗಿತ್ತು. ರೈಲು ನಿಲ್ದಾಣದಲ್ಲಿ ಪ್ರಯಾಣಿಕರು ಬಿಟ್ಟುಹೋದ ಸಾಮಾನು ಕಾಯುವ ಹುಡುಗಿ. ಅವಳ ಹೆಸರನ್ನು ಯಾರಾದರೂ ಮರೆತರೆ ಅವಳು ಸ್ವಲ್ಪ ಹಗುರವಾಗುತ್ತಾಳೆ. ಎಲ್ಲರೂ ಮರೆಯುತ್ತ ಹೋದ ಹಾಗೆ ಪಾಪ, ಜೇಬಿನಲ್ಲಿ ಕಲ್ಲು ತುಂಬಿಕೊಂಡು ಕೆಲಸಕ್ಕೆ ಹೋಗುತ್ತಾಳೆ. ಅವಳಿಗೆ ಬೇಸರವಾದರೆ ಕೋಣೆಯ ಗೋಡೆಗಳು ಕಲ್ಲಂಗಡಿಯ ಬಣ್ಣಕ್ಕೆ ತಿರುಗುತ್ತವೆ, ಸಿಟಿ ಬಸ್ಸಿನಲ್ಲಿ ಮೀನುಗಳು ಸೀಟಿನಿಂದ ಸೀಟಿಗೆ ಈಜುತ್ತವೆ, ಕಂಡಕ್ಟರ್ ಇಲ್ಲದ್ದರಿಂದ ಟಿಕೆಟ್ಟಿನ ಪ್ರಶ್ನೆ ಬರುವುದಿಲ್ಲ. ಹೀರೋ ಒಬ್ಬ ಇಸ್ತ್ರಿ ಅಂಗಡಿಯವನು. ಅವನ ತಲೆಯ ಮೇಲೆ ಅಂಗೈಯಗಲದ ಒಂದು ಮೋಡ ಸದಾ ನಿಂತಿರುತ್ತದೆ, ಅವನೊಬ್ಬನಿಗೇ ಮಳೆ ಸುರಿಸುತ್ತದೆ. ಒದ್ದೆ ಮನುಷ್ಯ ಇಸ್ತ್ರಿ ಅಂಗಡಿ ಇಟ್ಟುಕೊಂಡು ಹೇಗೆ ಬದುಕುತ್ತಾನೆ ಎಂದು ನಾನು ಕೇಳಿದೆ. ನನ್ನ ಹೆಂಡತಿ ಟಿವಿಯಿಂದ ಕಣ್ಣು ಕೀಳದೆ, "ಸುಮ್ಮ ಕೂಡ್ರಿ" ಎಂದಳು.

ಮಾತೆಲ್ಲ ಹಿಂದಿಯಲ್ಲಿತ್ತು. ನಮ್ಮ ಕಡೆ ಹಿಂದಿ ಎಲ್ಲರಿಗೂ ತಿಳಿಯುತ್ತದೆ, ನೆಟ್ಟಗೆ ಯಾರಿಗೂ ಬರುವುದಿಲ್ಲ. ಹೀಗಾಗಿ ಕೊರಿಯಾದವರು ಮಾಡಿದ ಸಿನಿಮಾ ಹಿಂದಿಯವರ ಬಾಯಿಂದ ನಮ್ಮ ಕಿವಿಗೆ ಬರುವ ಹೊತ್ತಿಗೆ ಸಾಕಷ್ಟು ಸವೆದಿತ್ತು. ಆದರೂ ನನ್ನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಕೊನೆಯಲ್ಲಿ ಹುಡುಗಿಯ ಜೇಬು ಹರಿದು ಕಲ್ಲುಗಳೆಲ್ಲ ಚೆಲ್ಲಿ, ಅವಳು ಹತ್ತಂತಸ್ತಿನ ಕಟ್ಟಡಗಳನ್ನೂ ದಾಟಿ ಮೇಲೆ ಹೋಗುತ್ತಿದ್ದಾಳೆ. ಕೆಳಗೆ ಒದ್ದೆಯಾಗಿ ನಿಂತ ಹೀರೋಗೆ ಅವಳ ಹೆಸರೇ ನೆನಪಿಗೆ ಬರುತ್ತಿಲ್ಲ. ಸರಿಯಾಗಿ ಅದೇ ಹೊತ್ತಿಗೆ ನಾನು ಗಹಗಹಿಸಿ ನಕ್ಕು, "ಹೆಸರು ಕರದ್ರ ತೂಕ ಹೆಚ್ಚಾಗ್ತದೇನು? ಹೋಗಲಿ ಬಿಡು, ಆಕಿಗೆ ಹೀಲಿಯಂ ತುಂಬ್ಯಾರ" ಎಂದುಬಿಟ್ಟೆ.

ಹೆಂಡತಿ ಟಿವಿ ಆರಿಸಿದಳು. ನನ್ನ ಕಡೆ ತಿರುಗಿ, "ಮದುವಿ ಆದಾಗಿಂದ ನನ್ನ ಒಮ್ಮೆರ ಹೆಸರು ಹಿಡದು ಕರದೀರೇನ್ರಿ?" ಎಂದು ಕೇಳಿದಳು.

ಇದು ಪಾಠದಲ್ಲಿಲ್ಲದ ಪ್ರಶ್ನೆ. ನಾನು ಅವಳನ್ನು "ಏ ಇಕಿ" ಎನ್ನುತ್ತೇನೆ, "ಕೇಳಿತೇನ್ ಬೇ" ಎನ್ನುತ್ತೇನೆ, ಬಂಧುಗಳೆದುರು "ನಮ್ಮ ಮನಿಯಾಕಿ" ಎನ್ನುತ್ತೇನೆ. ಕರೆದ ಕೂಡಲೇ ಅವಳು ಬರುತ್ತಾಳೆ. ಬರುವ ಮನುಷ್ಯರಿಗೆ ಹೆಸರೇಕೆ ಬೇಕು? ಅಷ್ಟರಲ್ಲಿ ಅವಳು ತೊಗರಿಯ ಪುಟ್ಟಿ ಸೊಂಟಕ್ಕಿಟ್ಟುಕೊಂಡು, ಒಣಗಿಸುವ ನೆವ ಮಾಡಿ ಮಾಳಿಗೆ ಏರಿದಳು. ಚಹದ ಹೊತ್ತು ಬಂತು, ಹೋಯಿತು. ಇಳಿಯಲಿಲ್ಲ. ಅಂಗಳಕ್ಕೆ ಬಂದು ಕತ್ತು ಎತ್ತಿ ನೋಡಿದರೆ ಮಾಳಿಗೆಯ ಅಂಚಿನಲ್ಲಿ ಕೂತಿದ್ದಾಳೆ.

"ಇಳದು ಬಾ ಬೇ" ಎಂದೆ.

"ನನ್ನ ಹೆಸರು ಹಿಡದು ಕರೀರಿ, ಬರ್ತೇನಿ."

ಇಷ್ಟೇ ತಾನೇ ಎಂದುಕೊಂಡು ದನಿಯಲ್ಲಿ ಒಂದಿಷ್ಟು ಬೆಲ್ಲ ಬೆರೆಸಿ, "ಸುವರ್ಣಾ" ಎಂದು ಕರೆದೆ.

"ಆ ಹೆಸರಿನಾಕಿ ಇಲ್ಲಿಲ್ಲ. ಆಕಿನ್ನ ನಿಮ್ಮ ಅಕ್ಕ ಹಡದಾರ, ಅವರ ಮನ್ಯಾಗ ನೋಡ್ರಿ" ಎಂದು ಮೇಲಿನಿಂದ ಉತ್ತರ ಬಂತು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಸೊಸೆಯಾಗಿ ಬರುವವಳಿಗೆ ಅತ್ತೆಯದೇ ಹೆಸರಿದ್ದರೆ, ಮದುವೆಯಲ್ಲಿ ಅದನ್ನು ತೆಗೆದು ಬೇರೆ ಹೆಸರಿಡುತ್ತಾರೆ. ತಾಟಿನಲ್ಲಿ ಅಕ್ಕಿ ಹರವಿ ಹೊಸ ಹೆಸರು ಬರೆದರೆ ಮುಗಿಯಿತು, ಹಳೆಯದು ತವರಿನಲ್ಲೇ ಉಳಿಯಿತು. ಇದರಲ್ಲಿ ದೊಡ್ಡ ವಿವೇಕವಿದೆ. ಅತ್ತೆ ಸೊಸೆಯನ್ನು ಹೆಸರು ಹಿಡಿದು ಬೈದರೆ ತನ್ನನ್ನೇ ಬೈದುಕೊಂಡಂತಾಗುವುದಿಲ್ಲವೇ? ಗಂಡನಾದವನು ಹೆಂಡತಿಯ ಮೇಲೆ ರೇಗಿದರೆ ಹೆತ್ತವ್ವನ ಮೇಲೆ ರೇಗಿದ ಪಾಪ. ನನ್ನ ಅವ್ವನ ಹೆಸರು ಚಂದಮ್ಮ. ಸರಸಂಬಾದಿಂದ ಬಂದ ನನ್ನ ಹೆಂಡತಿಯ ಹೆಸರೂ ಚಂದಮ್ಮ. ನನ್ನ ಅಕ್ಕ ಯಾವುದೋ ಕ್ಯಾಲೆಂಡರಿನಲ್ಲಿ ನೋಡಿದ್ದ ಸುವರ್ಣಾ ಎಂಬ ಹೆಸರನ್ನು ಅಕ್ಕಿಯಲ್ಲಿ ಬರೆದಳು. ಆ ಅಕ್ಕಿಯನ್ನು ನಾವು ಆವತ್ತೇ ಬೇಯಿಸಿ ಉಂಡೆವು.

ಈಗ ನನ್ನ ಪರಿಸ್ಥಿತಿ ನೋಡಿ. ಮಾಳಿಗೆಯ ಮೇಲಿರುವ ಚಂದಮ್ಮನನ್ನು ಕರೆಯಬೇಕು. ಕಟ್ಟೆಯ ಮೇಲೆ ಹಣೆತುಂಬ ವಿಭೂತಿ ಹಚ್ಚಿಕೊಂಡು ಇನ್ನೊಬ್ಬ ಚಂದಮ್ಮ ಹಸಿ ತೊಗರಿಕಾಯಿ ಸುಲಿಯುತ್ತ ಕೂತಿದ್ದಾಳೆ. ಹೆತ್ತ ತಾಯಿಯನ್ನು ಅಂಗಳದಲ್ಲಿ ನಿಂತು ಹೆಸರಿಟ್ಟು ಕೂಗಿದ ಮಗ ಆಳಂದ ತಾಲೂಕಿನಲ್ಲಿ ಇದುವರೆಗೆ ಹುಟ್ಟಿರಲಿಕ್ಕಿಲ್ಲ. ಹುಟ್ಟಿದ್ದರೂ ಅವನಿಗೆ ಅನ್ನ ಹಾಕಿರಲಿಕ್ಕಿಲ್ಲ. ನಾನೇ ಮೇಲೆ ಹೋಗಿ ಕಿವಿಯಲ್ಲಿ ಹೇಳೋಣವೆಂದು ಮೆಟ್ಟಿಲ ಮೇಲೆ ಕಾಲಿಟ್ಟೆ.

"ಹತ್ತಿ ಬಂದ್ರ ನಾ ನೀರಿನ ಟಾಕಿ ಮ್ಯಾಲ ಏರ್ತೇನಿ" ಎಂದಳು.

ಅಷ್ಟರಲ್ಲಿ ಪಕ್ಕದ ಮನೆಯ ಬಸಣ್ಣ ಗೋಡೆಯಾಚೆಯಿಂದ ಇಣುಕಿದ. ಕಿಣ್ಣಿ ಸುಲ್ತಾನ ಎಂಬ ಹಳ್ಳಿಯವನು, ತೊಗರಿ ವ್ಯಾಪಾರಿ, ಊರಿನ ಸುದ್ದಿಯನ್ನೂ ಸಗಟಿನಲ್ಲೇ ಕೊಳ್ಳುವವನು. "ಏನ್ರಿ ಸರ್, ಮ್ಯಾಲ ನೋಡಾಕತ್ತೀರಿ, ನೆಟ್‌ವರ್ಕ್ ಸಿಗವಲ್ದೇನು?" ಎಂದು ಕೇಳಿದ.

"ಹೌದ್ರಿ, ಸಿಗವಲ್ದು" ಎಂದೆ. ಸುಳ್ಳೇನಲ್ಲ.

ಬಸಣ್ಣ ಒಳಗೆ ಹೋದ ಮೇಲೆ ಮೇಲಿನಿಂದ ಹೆಂಡತಿಯ ಮಾತು ಕೇಳಿತು. ಸಿಟ್ಟು ಇಳಿದಿತ್ತು. "ನಮ್ಮವ್ವ ಫೋನ್ ಹಚ್ಚಿದ ಕೂಡ್ಲೇ ಚಂದವ್ವಾ ಅಂತಿದ್ಲು. ಹೋದ ವರ್ಷ ಆಕಿ ಹೋದ್ಲು. ತಮ್ಮಂದಿರು ಅಕ್ಕ ಅಂತಾರ, ಮಗಳು ಅವ್ವ ಅಂತಾಳ, ನೀವು ಏ ಅಂತೀರಿ. ಆ ಹೆಸರು ಕರಿಯವ್ರು ಯಾರೂ ಉಳಿದಿಲ್ರಿ. ನಾ ಹಗುರ ಆಗೇನಿ ಅಂದ್ರ ನೀವು ಹೀಲಿಯಂ ಅಂತೀರಿ."

ನನ್ನ ಅತ್ತೆ ತೀರಿಕೊಂಡಾಗ ಸರಸಂಬಾಕ್ಕೆ ಹೋಗಿ ಮಣ್ಣು ಮಾಡಿ ಬಂದವನು ನಾನೇ. ಬಂದವರಿಗೆಲ್ಲ ನೀರು ಕೊಟ್ಟವನೂ ನಾನೇ. ಅತ್ತೆಯ ಜೊತೆಗೆ ನನ್ನ ಹೆಂಡತಿಯ ಹೆಸರೂ ಹೋಯಿತೆಂದು ನನಗೆ ಹೊಳೆದಿರಲಿಲ್ಲ. ಅವ್ವನ ಕಡೆ ಬೆನ್ನು ತಿರುಗಿಸಿದೆ, ಕಣ್ಣು ಮುಚ್ಚಿದೆ, ಇದ್ದ ಧೈರ್ಯವನ್ನೆಲ್ಲ ಗಂಟಲಿಗೆ ತಂದು "ಚಂದವ್ವಾ!" ಎಂದು ಕೂಗಿದೆ.

"ಓ..."

ಉತ್ತರ ಬಂದದ್ದು ಮಾಳಿಗೆಯಿಂದಲ್ಲ, ಕಟ್ಟೆಯಿಂದ. ಅದು ನನ್ನ ಅವ್ವನ ಎಂದಿನ ದನಿಯೂ ಅಲ್ಲ. ತಿರುಗಿ ನೋಡಿದೆ. ತೊಗರಿಕಾಯಿಗಳು ಅವ್ವನ ಮಡಿಲಿನಿಂದ ಜಾರಿ ಬಿದ್ದಿದ್ದವು. ಇನ್ನು ಬೈಗುಳ ಬರುತ್ತದೆಂದು ನಾನು ತಲೆ ತಗ್ಗಿಸಿ ನಿಂತೆ.

"ಯಾರೋ ಅದು, ನಮ್ಮಪ್ಪ ಕರದಂಗಾತು" ಎಂದಳು ಅವ್ವ. ನನ್ನ ಕಡೆ ನೋಡಿ, "ಮಲ್ಲಿನಾಥಾ, ಇನ್ನೊಮ್ಮೆ ಕರಿಯೋ" ಎಂದಳು.

ಕರೆದೆ. ಈ ಸಲ ಓಗೊಟ್ಟದ್ದು ಮಾಳಿಗೆ. ಆಮೇಲೆ ಮೆಟ್ಟಿಲ ಮೇಲೆ ಬಳೆಯ ಸದ್ದಾಯಿತು. ಕೆಳಗಿಳಿದ ಸೊಸೆಯ ಕೈ ಹಿಡಿದು ಅತ್ತೆ ಪಕ್ಕದಲ್ಲಿ ಕೂರಿಸಿಕೊಂಡು, "ನನ್ನ ಸಲುವಾಗಿ ನಿನ್ನ ಹೆಸರು ಕಸಗೊಂಡ್ರಲ್ಲ ಬೇ" ಎಂದು ಅವಳ ಗಲ್ಲ ಒರೆಸಿದಳು. ಆಮೇಲೆ ಇಬ್ಬರೂ ಒಳಗೆ ಹೋಗಿ ಸಿನಿಮಾದ ಉಳಿದ ಭಾಗ ನೋಡಿದರು. ಕೊರಿಯಾದ ಹುಡುಗಿ ಇಳಿದಳಂತೆ. ನನ್ನನ್ನು ಒಳಗೆ ಬಿಡಲಿಲ್ಲ.

ಈಗ ಮನೆಯಲ್ಲಿ ಇಬ್ಬರು ಚಂದವ್ವಂದಿರು. ಬಂದ ಲಾಭವೇನೆಂದರೆ, "ಚಂದವ್ವಾ, ಚಹಾ" ಎಂದು ನಾನು ಕೂಗಿದರೆ ಹೆಂಡತಿ, "ಅತ್ತೀ, ನಿಮ್ಮನ್ನ ಕರಿಯಾಕತ್ತಾರ" ಎನ್ನುತ್ತಾಳೆ. ಅವ್ವ, "ನನ್ನಲ್ಲ ಬೇ, ನಿನ್ನ" ಎನ್ನುತ್ತಾಳೆ. ಇಬ್ಬರೂ ಟಿವಿಯ ಮುಂದಿನಿಂದ ಏಳುವುದಿಲ್ಲ. ಹೀಗಾಗಿ ಚಹಾ ನಾನೇ ಇಡುತ್ತೇನೆ. ಮೊನ್ನೆ ಸಕ್ಕರೆ ಡಬ್ಬಿ ಸಿಗದೆ, ಎಲ್ಲಿದೆ ಎಂದು ಅಡುಗೆಮನೆಯಿಂದ ಕೇಳಿದೆ. "ಮ್ಯಾಲಿನ ಹಲಿಗಿ ಮ್ಯಾಲ ಅದ ನೋಡು ಮಲ್ಲಿನಾಥಾ" ಎಂದು ಎರಡು ದನಿಗಳು ಒಟ್ಟಿಗೆ ಉತ್ತರಿಸಿದವು. ಒಂದು ಅವ್ವನದು. ಇನ್ನೊಂದು ಯಾರದೆಂದು ತಿರುಗಿ ನೋಡುವ ಧೈರ್ಯವಾಗದೆ, ಮೂರು ಕಪ್ಪಿಗೂ ಸಕ್ಕರೆ ಹಾಕಿ ಕಲಕಿದೆ.