ದುಪ್ಪಟ್ಟು ವೇಗದ ವಿಮರ್ಶಕ

ಓಟಿಟಿಗೆ ಬರುವ ಒಂದೇ ಒಂದು ಹೊಸ ಭಾರತೀಯ ಚಿತ್ರವೂ ಇನ್ನು ತಮ್ಮ ಕಣ್ಣು ತಪ್ಪಿಸಿ ಹೋಗಕೂಡದೆಂದು ವಿಮರ್ಶಕ ಮಹಾಶಯರು ಸೋಫಾದ ಮೇಲೆ ನಿಂತು ಶಪಥಗೈದರು. ವಾರಪತ್ರಿಕೆಯಲ್ಲಿ ಅವರ ಅಂಕಣಕ್ಕೆ ಸಿಕ್ಕಿದ್ದು ಅರ್ಧ ಪುಟ. ಕಣ್ಣಿದ್ದದ್ದು ಇಡೀ ಪುಟದ ಮೇಲೆ.

"ಒಂದು ಸಿನಿಮಾ ಪೂರ್ತಿ ಕೂತು ನೋಡೋಕಾಗಲ್ಲ ನಿಮಗೆ. ಕಾಲಲ್ಲಿ ಚಕ್ರ, ಬೆರಳಲ್ಲಿ ತುರಿಕೆ" ಎಂದರು ದಂತವೈದ್ಯೆಯಾದ ಹೆಂಡತಿ.

"ಅದಕ್ಕೊಂದು ಉಪಾಯ ಇದೆ ಕಣೇ!"

ಉಪಾಯವೆಂದರೆ, ರಿಮೋಟಿನ ಗುಂಡಿಯೊತ್ತಿ ಚಿತ್ರದ ವೇಗವನ್ನು ದುಪ್ಪಟ್ಟು ಮಾಡುವುದು. ಎರಡು ಗಂಟೆಯ ಮಹಾಕಾವ್ಯ ಒಂದೇ ಗಂಟೆಯಲ್ಲಿ ಮುಗಿಯಿತು! ನಾಯಕಿ ಗುಬ್ಬಿಯಂತೆ ಚಿಲಿಪಿಲಿಗುಟ್ಟಿದಳು. ಹಿರಿಯರು ಕೀಲುಗೊಂಬೆಗಳಂತೆ ಕುಪ್ಪಳಿಸಿದರು. ಇಡೀ ಕುಟುಂಬ ಅಂಗಳದಲ್ಲಿ ನೆರೆದು, ಹೆಗಲು ಕುಣಿಸಿ, ಹೋ ಹೋ ಎಂದು ನಕ್ಕಿತು. ಮಹಾಶಯರೂ ನಕ್ಕರು. ನಗುವಿನ ಬಿಸಿ ಆರುವ ಮುನ್ನವೇ ಬರೆದರು: 'ಹೊಟ್ಟೆ ಹುಣ್ಣಾಗಿಸುವ ಹಾಸ್ಯ. ಮನೆಮಂದಿಯೆಲ್ಲ ಕೂತು ನೋಡಲೇಬೇಕು!'

ಕೂತು ನೋಡಲು ಸಾಕ್ಷಾತ್ ಸಂಪಾದಕರೇ ಪತ್ನೀಸಮೇತರಾಗಿ ಹೊರಟರು.

"ನಿಮ್ಮ ಮನೇಲೇ ನೋಡೋಣ ರೀ. ಮನಸಾರೆ ನಕ್ಕು ಎಷ್ಟು ದಿನ ಆಯ್ತೋ! ನೀವು ಬರೆದಷ್ಟು ಚೆನ್ನಾಗಿದ್ರೆ ಮುಂದಿನ ವಾರದಿಂದ ಇಡೀ ಪುಟ ನಿಮ್ದೇ."

ಭಾನುವಾರ ಸಂಜೆ ಹೆಂಡತಿಯೇ ಚಿತ್ರ ಹಚ್ಚಿದರು, ಅದರ ಸಹಜ ವೇಗದಲ್ಲಿ. ತೆರೆಯ ಮೇಲೆ ಮುದುಕನೊಬ್ಬ ಕುರ್ಚಿಯಿಂದೆದ್ದು ಬಾಗಿಲ ಕಡೆ ಹೊರಟ. ಹೋದ. ಹೋಗುತ್ತಲೇ ಇದ್ದ. ಮಹಾಶಯರ ಮೊಣಕಾಲು ಹೊಲಿಗೆ ಯಂತ್ರದಂತೆ ಕುಣಿಯತೊಡಗಿತು.

"ನಗು ಎಲ್ಲಿ ಬರುತ್ತೆ ರೀ?" ಸಂಪಾದಕರು ಕೇಳಿದರು.

"ದಾರೀಲಿದೆ ಸರ್."

"ಆ ಅಜ್ಜನ ಕೈ ಹಿಡ್ಕೊಂಡು ಬರ್ತಿರಬೇಕು" ಎಂದರು ಹೆಂಡತಿ.

ಅಜ್ಜ ಬಾಗಿಲು ಮುಟ್ಟಿದ, ಮುಟ್ಟಿದವನೇ ಸತ್ತುಹೋದ. ಅಂಗಳದಲ್ಲಿ ಕುಟುಂಬ ನೆರೆಯಿತು. ಮಹಾಶಯರು ಮುಂದಕ್ಕೆ ಬಾಗಿ ಕಣ್ಣರಳಿಸಿ ನೋಡಿದರು. ಅದೇ ಅಂಗಳ, ಅದೇ ಹೆಗಲುಗಳು! ಅಯ್ಯೋ, ಇವರು ನಗುತ್ತಿಲ್ಲ, ಬಿಕ್ಕಿ ಬಿಕ್ಕಿ ಅಳುತ್ತಿದ್ದಾರೆ! ಸಂಪಾದಕರ ಪತ್ನಿ ಕರವಸ್ತ್ರಕ್ಕಾಗಿ ತಡಕಾಡಿದರು. ಆ ಕಣ್ಣೀರಿನಲ್ಲಿ ಇಡೀ ಪುಟ ಕಾಗದದ ದೋಣಿಯಂತೆ ತೇಲಿಹೋಗುವುದು ಮಹಾಶಯರಿಗೆ ಕಾಣಿಸಿತು.

ದಿಂಬಿನಡಿಯಲ್ಲಿ ರಿಮೋಟ್ ಇತ್ತು. ಬೆರಳು ತಡೆಯಲಿಲ್ಲ.

ಚಟ್ಟ ಚಂಗನೆ ಮೇಲೆದ್ದಿತು. ಹೊತ್ತವರು ಬೀದಿಗುಂಟ ನಾಗಾಲೋಟ ಕಿತ್ತರು. ಸಂಪಾದಕರು ಕಿಸಕ್ಕೆಂದರು.

"ನಗ್ತೀರಲ್ರೀ! ಸತ್ತಿದ್ದಾರೆ ಅವರು!" ಪತ್ನಿ ಗದರಿದರು.

"ನಾನೇನ್ ಮಾಡ್ಲೇ? ಹೆಣ ರೇಸಿಗೆ ಹೊರಟಿದೆ!" ಸಂಪಾದಕರು ಕನ್ನಡಕ ಸರಿಪಡಿಸಿಕೊಂಡರು. "ಅಲ್ಲಾ, ಆ ಮೂಲೇಲಿ ಎರಡು ಅಂತ ಬಂದಿದೆಯಲ್ಲ, ಏನದು?"

"ಎರಡನೇ ಭಾಗ ಸರ್! ಈಗಷ್ಟೇ ಶುರುವಾಯ್ತು!"

"ವೇಗ ಸರ್," ನೋವಾಗದಂತೆ ಹಲ್ಲು ಕೀಳುವ ದನಿಯಲ್ಲಿ ಹೆಂಡತಿ ಹೇಳಿದರು. "ಇವರು ಸಿನಿಮಾ ನೋಡೋದೇ ಹೀಗೆ."

ಮಹಾಶಯರು ಏನೋ ಹೇಳಹೊರಟರು.

"ಬಾಯಿ ಮುಚ್ಚಿ. ಊರಿಗೆಲ್ಲ ಬಾಯಿ ತೆಗೀರಿ ಅನ್ನೋಳು ನಾನು. ನಿಮಗೊಬ್ಬರಿಗೇ ಹೀಗೆ ಹೇಳೋದು."

ಸಂಪಾದಕರು ಎದ್ದುನಿಂತರು. "ಅರ್ಧ ಹೊತ್ತಲ್ಲಿ ನೋಡೋರಿಗೆ ಅರ್ಧ ಜಾಗ ಸಾಕು. ಇನ್ಮೇಲೆ ಕಾಲು ಪುಟ. ಇದನ್ನ ಪೂರ್ತಿ ನೋಡಿ ತಿದ್ದುಪಡಿ ಬರೆದುಕೊಡಿ."

ಅತಿಥಿಗಳು ಹೋದರು. ಹೆಂಡತಿ ರಿಮೋಟನ್ನು ಮುಷ್ಟಿಯಲ್ಲಿ ಹಿಡಿದು ಪಕ್ಕದಲ್ಲೇ ಕುಳಿತರು. ಅಜ್ಜ ಮತ್ತೆ ಕುರ್ಚಿಯಿಂದೆದ್ದ. ಮಹಾಶಯರು ಉಗುರು ಕಚ್ಚಿದರು, ಕಾಲು ಅಲ್ಲಾಡಿಸಿದರು, ದಿಂಬು ಹಿಂಡಿದರು. ಅಜ್ಜ ಬಾಗಿಲನ್ನು ಸಮೀಪಿಸಿದಂತೆಲ್ಲ ಅದೇಕೋ ಕಾಲು ತಾನಾಗಿ ನಿಂತಿತು. ಅಂಗಳ ತುಂಬುವ ಹೊತ್ತಿಗೆ ಅವರ ಹೆಗಲೂ ಕುಣಿಯುತ್ತಿತ್ತು.

ಹೆಂಡತಿ ಸೆರಗಿನಿಂದ ತಮ್ಮ ಕಣ್ಣೊರೆಸಿಕೊಂಡು, ಗಂಡನ ಬೆನ್ನು ತಟ್ಟಿದರು.

"ನಿಧಾನಕ್ಕೆ ಅಳ್ರೀ. ಹೀಗೆ ದುಪ್ಪಟ್ಟು ವೇಗದಲ್ಲಿ ಅತ್ರೆ ಪಕ್ಕದ ಮನೆಯೋರು ನಗ್ತಿದ್ದೀರಿ ಅಂದ್ಕೋತಾರೆ."