ಬೀಜದ ಮೂಟೆ ಮೇಲಿನ ಬಾಣಂತಿ

ಅಂಗಡಿಗೆ ಗಿರಾಕಿಗಳು ಮಾತ್ರ ಬರ್ತಾರೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ತಿ. ನರಸೀಪುರದಲ್ಲಿ ನನ್ನದೊಂದು ಬೀಜ, ಗೊಬ್ಬರದ ಅಂಗಡಿ ಇದೆ. ಇಲ್ಲಿಗೆ ಹಾವು ಬಂದಿದೆ, ಹೋರಿ ಬಂದಿದೆ, ಒಂದ್ಸಲ ಮದುವೆ ದಿಬ್ಬಣದವರು ಛತ್ರ ಇದೇ ಅಂದ್ಕೊಂಡು ಬಂದು ಕೂತು ಕಾಫಿ ಕೇಳಿದ್ರು. ಆದ್ರೆ ನನ್ನನ್ನ ನಿಜವಾಗಿ ಕುಣಿಸಿದ್ದು ಒಂದು ಬೀದಿ ಬೆಕ್ಕು.

೧. ಎಂಟು ಮೂಟೆ

ನಾಲೆಗೆ ನೀರು ಬಿಟ್ಟ ವಾರ ಅದು. ಬೆಳಿಗ್ಗೆ ಶಟರ್ ಎತ್ತಿದ್ರೆ ಮೂಲೆಯಲ್ಲಿ ಪೇರಿಸಿದ್ದ ಸಣ್ಣ ಭತ್ತದ ಬೀಜದ ಮೂಟೆಗಳ ಮೇಲಿಂದ ಕುಂಯ್ ಕುಂಯ್ ಅಂತ ಸದ್ದು. ಏಣಿ ಹತ್ತಿ ನೋಡಿದೆ. ಬೂದು ಬಣ್ಣದ ಬೆಕ್ಕು ನಾಲ್ಕು ಮರಿ ಹಾಕ್ಕೊಂಡು ಮಲಗಿತ್ತು.

ಹೋದ ಸಲ ಇದೇ ಬೆಕ್ಕು ಪಕ್ಕದ ಸೈಕಲ್ ಶಾಪಿನಲ್ಲಿ ಮರಿ ಹಾಕಿತ್ತು. ಯಾರೋ ಮರಿಗಳನ್ನ ಎತ್ತಿ ನೋಡಿದ್ರು ಅಂತ ಹೆದರಿ, ಒಂದೊಂದೇ ಕಚ್ಕೊಂಡು ರಸ್ತೆ ದಾಟಿಸೋಕೆ ಹೋಯ್ತು. ನಾಯಿಗಳು ಒಂದನ್ನೂ ಉಳಿಸಲಿಲ್ಲ. ಎರಡು ದಿನ ಅದು ರಸ್ತೆಯಲ್ಲಿ ಕೂಗ್ಕೊಂಡು ತಿರುಗಿದ್ದನ್ನ ನಾನು ಗಲ್ಲಾ ಮುಂದೆ ಕೂತು ಕೇಳಿಸ್ಕೊಂಡಿದ್ದೆ.

ಮನೆಗೆ ಫೋನ್ ಮಾಡಿದೆ. "ಕಣ್ಣು ಬಿಡೋವರೆಗೂ ಆ ಮೂಟೆ ಮುಟ್ಟಬೇಡಿ," ಅಂದ್ಲು ಹೆಂಡತಿ.

"ಅಲ್ವೇ, ಈಗ ಎಲ್ಲರಿಗೂ ಬೇಕಾಗಿರೋದೇ ಆ ಬೀಜ."

"ನಾನು ಬಾಣಂತಿಯಾಗಿ ಮಲಗಿದ್ದಾಗ್ಲೂ ನೀವು ಬಂದು ಬೀಜದ ಸುದ್ದೀನೇ ಹೇಳಿದ್ರಿ," ಅಂತ ಫೋನ್ ಇಟ್ಲು.

೨. ಎಷ್ಟನೇ ಸೂಲು?

ಮೂರನೇ ದಿನಕ್ಕೆ ಬೆಕ್ಕು ಬಡಕಲಾಯ್ತು. ಹಾಲು ಅನ್ನ ಕಲಸಿ ಇಟ್ರೆ ಮೂಸಿ ಬಿಡೋದು. ಮರಿಗಳು ಹಾಲು ಸಾಲದೆ ಕಿರುಚೋವು. ತಡೀಲಾರದೆ ದನದ ಆಸ್ಪತ್ರೆಗೆ ಹೋದೆ. ಚೀಟಿ ಬರೆಯೋರು ತಲೆ ಎತ್ತದೆ ಶುರು ಮಾಡಿದ್ರು.

"ಎಷ್ಟನೇ ಸೂಲು?"

"ನನಗೆ ಗೊತ್ತಿರೋ ಹಾಗೆ ಎರಡನೇದು."

"ಈದು ಎಷ್ಟು ದಿನ ಆಯ್ತು?"

"ಮೂರು."

"ಕರು ಹೆಣ್ಣೋ ಗಂಡೋ?"

"ನಾಲ್ಕಿವೆ ಸಾರ್. ಇನ್ನೂ ನೋಡಿಲ್ಲ."

ಆಗ ಅವರು ತಲೆ ಎತ್ತಿದ್ರು. "ಬೆಕ್ಕು," ಅಂದೆ ಮೆಲ್ಲಗೆ. ಪಕ್ಕದಲ್ಲಿ ಎಮ್ಮೆ ಹಿಡ್ಕೊಂಡು ನಿಂತಿದ್ದ ಸೋಸಲೆ ಊರಿನ ಅಜ್ಜಿಯೊಬ್ಬಳ ಮುಖ ಸಪ್ಪಗಾಯ್ತು. "ಬೆಕ್ಕಾ? ಅದ್ರ ಒಂದು ಕರ ನಂಗ್ ಕೊಡಪ್ಪಾ ಅಂತ ಕೇಳಾನ ಅಂತಿದ್ದೆ."

೩. ಮೀನು

ಡಾಕ್ಟರು ಔಷಧ ಬರೀಲಿಲ್ಲ. "ಮೀನು ಹಾಕಿ, ಎರಡು ದಿನದಲ್ಲಿ ಸರಿ ಹೋಗುತ್ತೆ," ಅಂದ್ರು.

ಹೇಳೋದು ಸುಲಭ. ನಮ್ಮದು ಲಿಂಗಪೂಜೆ ಆಗದೆ ಒಲೆ ಹಚ್ಚದ ಮನೆ. ಮೊಟ್ಟೆ ಅಂಗಡಿ ಎದುರಾದ್ರೆ ನಮ್ಮಪ್ಪ ರಸ್ತೆಯ ಆ ಬದಿಗೆ ದಾಟಿಬಿಡ್ತಿದ್ರು. ಅಂಥವರ ಮಗ ನಾನು, ತಲೆ ಮೇಲೆ ಟವೆಲ್ ಹೊದ್ಕೊಂಡು, ಸೇತುವೆ ಹತ್ರ ಮೀನು ಮಾರೋ ಹೆಂಗಸಿನ ಮುಂದೆ ನಿಂತೆ. ಹಣೆಯ ವಿಭೂತಿ ಮಾತ್ರ ಹಾಗೇ ಇತ್ತು, ಮರೆತಿದ್ದೆ.

"ಸಾರ್ಗಾ, ಉರಿಯಕಾ?"

"ಬೆಕ್ಕಿಗಮ್ಮ."

"ಈಬೂತಿ ಇಟ್ಕಂಡು ಬರೋರೆಲ್ಲಾ ಬೆಕ್ಕಿಗೇ ತಕ್ಕೊಂಡೋಗೋದು ಸಾವ್ಕಾರ್ರೆ," ಅಂದ್ಲು ಆಕೆ, ಚೀಲಕ್ಕೆ ಮೀನು ಹಾಕ್ತಾ. "ಮಸಾಲೆ ಎದುರಂಗಡೀಲಿ ಸಿಕ್ತದೆ."

೪. ಜೀಪು

ಮೀನು ತಿಂದು ಬೆಕ್ಕು ಚೇತರಿಸ್ಕೊಂಡ್ತು, ನನ್ನ ಗ್ರಹಚಾರ ಕೆಡ್ತು. ಸಣ್ಣ ಭತ್ತ ಕೇಳಿದವರಿಗೆಲ್ಲ ಇಲ್ಲ ಇಲ್ಲ ಅಂತಿದ್ದೆ. ನಿಜ ಹೇಳಿದ್ರೆ ಎಲ್ಲರೂ ಏಣಿ ಹತ್ತಿ ನೋಡ್ತಾರೆ ಅನ್ನೋ ಭಯ. ಮೂಗೂರಿನ ಒಬ್ಬ ರೈತ, ಸ್ವಂತ ಗೂಡ್ಸ್ ಆಟೋ ಇಟ್ಟಿರೋನು, ಕತ್ತು ಉದ್ದ ಮಾಡಿ ಮೂಲೆ ನೋಡಿದ.

"ಅಲ್ಲೈತಲ್ಲ ಸಾವ್ಕಾರ್ರೆ, ಎಂಟು ಮೂಟೆ."

"ಅದು ಬುಕ್ ಆಗಿದೆ."

"ಯಾರ್ಗೆ?"

"ಒಬ್ಬ ಬಾಣಂತಿಗೆ."

ಕೆಕ್ಕರಿಸಿ ನೋಡಿ ಹೋದ. ಮಾರನೇ ದಿನ ಕೃಷಿ ಇಲಾಖೆ ಸಾಹೇಬರ ಜೀಪು ಬಂತು, ಹಿಂದೆ ಅವನೂ ಇದ್ದ. ನಾನು ಬೀಜ ಬಚ್ಚಿಟ್ಟಿದ್ದೀನಿ ಅಂತ ದೂರು. ಸಾಹೇಬರು ಮೂಟೆ ಇಳಿಸಿ ಅಂದ್ರು.

ಇಳಿಸದಿದ್ರೆ ಲೈಸೆನ್ಸ್ ಹೋಗುತ್ತೆ. ಇಳಿಸಿದ್ರೆ ಬೆಕ್ಕು ಮರಿ ಕಚ್ಕೊಂಡು ಮತ್ತೆ ಅದೇ ನಾಯಿಗಳ ಬಾಯಿಗೆ ಬೀಳುತ್ತೆ. "ಸಾರ್, ದಯವಿಟ್ಟು ನೀವೊಬ್ರೇ ಹತ್ತಿ ನೋಡಿ," ಅಂದೆ.

ಸಾಹೇಬರು ಹತ್ತಿದ್ರು. ಮೇಲೆ ಖಸ್ ಅಂತ ಒಂದು ಸದ್ದಾಯ್ತು. ಹತ್ತಿದ್ದಕ್ಕಿಂತ ಬೇಗ ಇಳಿದು, ಕನ್ನಡಕ ಸರಿ ಮಾಡ್ಕೊಂಡು ರೈತನಿಗೆ ಹೇಳಿದ್ರು. "ಸ್ಟಾಕ್ ಇದೆಯಪ್ಪ. ಮಾಲೀಕರು ಒಪ್ತಾ ಇಲ್ಲ."

"ಮಾಲೀಕ್ರು ಇಲ್ಲೇ ನಿಂತವ್ರಲ್ಲ ಸಾ?"

"ಇವರಲ್ಲ. ಮೇಲಿದ್ದಾರೆ."

೫. ಕಣ್ಣು ಬಿಟ್ಟ ಮೇಲೆ

ರೈತನೂ ಹತ್ತಿ ನೋಡಿದ. ಇಳಿದವನು ದೂರಿನ ಮಾತೇ ಎತ್ತಲಿಲ್ಲ. "ಒಟ್ಲಿಗೆ ಬೀಜ ಚೆಲ್ಲಾದು ನಾಲ್ಕು ದಿನ ತಡ ಆದ್ರೆ ಏನೂ ಮುಳುಗೋಗಕಿಲ್ಲ ಬುಡಿ," ಅಂದ. ಅವತ್ತಿಂದ ದಿನಾ ಫೋನು: "ಕಣ್ ಬುಟ್ವಾ?"

ಹನ್ನೊಂದನೇ ದಿನ ನಾಲ್ಕು ಮರಿಗಳೂ ಕಣ್ಣು ಬಿಟ್ಟವು. ನಾಳೆ ಬಾ, ಮರಿಗಳನ್ನ ಬುಟ್ಟಿಗೆ ಹಾಕಿ ಮೂಟೆ ಕೊಡ್ತೀನಿ ಅಂದೆ. ಬೆಳಿಗ್ಗೆ ನಾನು ಬರೋ ಹೊತ್ತಿಗೆ ಅವನ ಆಟೋ ಅಂಗಡಿಗೆ ಬೆನ್ನು ಹಾಕಿ ನಿಂತಿತ್ತು. ಕಾದು ಕಾದು ಸೀಟಿನಲ್ಲೇ ನಿದ್ದೆ ಹೋಗಿದ್ದ. ಶಟರ್ ಎತ್ತಿ ಏಣಿ ಹತ್ತಿದೆ. ಮೂಟೆ ಮೇಲೆ ಬೆಕ್ಕೂ ಇಲ್ಲ, ಮರಿಯೂ ಇಲ್ಲ.

ಶಟರಿನ ಕೆಳಗೆ ಒಂದು ಮೂಲೆ ಡೊಂಕಾಗಿ ಗೇಣುದ್ದ ಸಂದಿ ಇತ್ತು, ಬೆಕ್ಕು ಓಡಾಡ್ತಿದ್ದದ್ದೇ ಅಲ್ಲಿ. ಎದುರಿಗೆ ನಾಯಿಗಳು ಹೊಟ್ಟೆ ತುಂಬಿದೋರ ಥರ ಮಲಗಿದ್ವು. ನಾನೂ ರೈತನೂ ಮೂಟೆ ಸಂದಿ, ಚರಂಡಿ, ಸೈಕಲ್ ಶಾಪು ಎಲ್ಲ ಜಾಲಾಡಿದ್ವಿ. "ನಾನೇ ಜೀಪು ತಂದು ಅದ್ನ ಎದರಿಸ್ಬುಟ್ಟೆ ಸಾವ್ಕಾರ್ರೆ," ಅಂತ ಅವನು ತಲೆ ಮೇಲೆ ಕೈ ಹೊತ್ತ. ನಾನು ಗಿರಾಕಿಗಳ ಮುಂದೆ ನಾಚಿಕೆ ಬಿಟ್ಟು ಕಣ್ಣೀರು ಹಾಕಿದೆ.

ಟಾರ್ಚ್ ತರ್ತೀನಿ ಅಂತ ಆಟೋ ಹತ್ರ ಹೋದವನು ವಾಪಸ್ ಬರಲೇ ಇಲ್ಲ. ಹೋಗಿ ನೋಡಿದ್ರೆ ಹಿಂದುಗಡೆ ಕಲ್ಲಿನಂತೆ ನಿಂತಿದ್ದ. ಅವನು ಮೂಟೆ ಕೆಳಗೆ ಹಾಸೋಕೆ ಅಂತ ಗಾಡಿಯಲ್ಲಿ ಮಡಿಸಿಟ್ಟಿದ್ದ ಗೋಣಿಚೀಲಗಳ ಮೇಲೆ ಬೆಕ್ಕು ಕಾಲು ಚಾಚಿ ಮಲಗಿತ್ತು, ನಾಲ್ಕು ಮರಿಗಳೂ ಹಾಲು ಕುಡೀತಿದ್ವು. ಬೆಕ್ಕು ಮರಿಗಳನ್ನ ಏಳು ಮನೆ ತಿರುಗಿಸುತ್ತೆ ಅಂತಾರಲ್ಲ, ಎರಡನೇ ಮನೆ ಸಿಕ್ಕಿತ್ತು.

ಈಗ ಮೂಟೆಗಳೇನೋ ಬಿಡುಗಡೆ ಆದ್ವು, ಸಾಗಿಸೋಕೆ ಗಾಡಿ ಇಲ್ಲ. ಸ್ಟಾರ್ಟ್ ಮಾಡಿದ್ರೆ ಬೆಕ್ಕು ಹೆದರಿ ರಸ್ತೆಗೆ ಹಾರುತ್ತೆ. ಕೊನೆಗೆ ಅವನು ಕಾವಲು ಕೂತ, ನಾನು ನನ್ನ ಸ್ಕೂಟರಿನಲ್ಲಿ ಒಂದೊಂದೇ ಮೂಟೆ ಮೂಗೂರಿಗೆ ಹೊತ್ತೆ.

ಎಂಟನೇ ಮೂಟೆ ಇಳಿಸಿ ಸೊಂಟ ಹಿಡ್ಕೊಂಡು ವಾಪಸ್ ಬಂದಾಗ, ಅವನ ಊರಿನವನೇ ಒಬ್ಬ ಗೊಬ್ಬರ ಕೊಂಡು ಆಟೋ ಮುಂದೆ ನಿಂತಿದ್ದ.

"ಗಾಡಿ ಖಾಲಿ ನಿಂತೈತಲ್ಲ, ಬತ್ತಿಯೇನ್ಲಾ ಊರ್ಗೆ?"

"ಇಲ್ಲ ಕಣಣ್ಣ, ಬುಕ್ ಆಗೈತೆ," ಅಂದ ನಮ್ಮ ರೈತ, ಕೈಯಲ್ಲಿದ್ದ ಮೀನಿನ ಚೀಲ ಬೆನ್ನ ಹಿಂದೆ ಮಾಡ್ಕೊಂಡು.

"ಯಾರ್ಗೆ?"

ಅವನು ಒಂದ್ಸಲ ನನ್ನ ಮುಖ ನೋಡಿದ.

"ಒಬ್ಬ ಬಾಣಂತಿಗೆ."